ಸ್ಥಾಣುವೋ? ಪುರುಷನೋ?

ಧ್ವನಿಯಿಲ್ಲದ ಕಾವ್ಯಕ್ಕೆ ನಮ್ಮ ಆಲಂಕಾರಿಕರು ಇಟ್ಟ ಹೆಸರು ‘ಚಿತ್ರ’. ಒಂಬತ್ತನೆಯ ಶತಮಾನದ ಆನಂದವರ್ಧನನು ಅದಕ್ಕೆ ಕಾವ್ಯದ ಪಂಕ್ತಿಯಲ್ಲಿ ಎಲೆ ಹಾಕಲೇ ಒಲ್ಲ. ಅದು ಕಾವ್ಯದ ಅನುಕರಣವೇ ಹೊರತು ಕಾವ್ಯವಲ್ಲವೆಂಬುದು ಅವನ ಮತ. ಎರಡು ಶತಮಾನಗಳ ಮೇಲೆ ಬಂದ ಮಮ್ಮಟನು ಕೊಂಚ ದಾಕ್ಷಿಣ್ಯ ತೋರಿಸಿ, ಉತ್ತಮ ಮಧ್ಯಮಗಳ ಕೆಳಗೆ ಮೂರನೆಯ ಮಣೆಯೊಂದನ್ನು ಹಾಕಿಕೊಟ್ಟ. ಈ ಹೆಸರಿನ ಹಿಂದಿರುವ ಭಾವನೆ ಸ್ಪಷ್ಟವಾಗಿದೆ. ಚಿತ್ರವೆಂದರೆ ಕಣ್ಣಿಗೆ ಕಂಡಷ್ಟೇ. ಕುದುರೆಯ ಚಿತ್ರದಲ್ಲಿ ಕುದುರೆಯ ಆಕಾರವಿದೆ, ಉಸಿರಿಲ್ಲ. ತರಗತಿಯಲ್ಲಿ ಧ್ವನಿಪ್ರಕರಣವನ್ನು ಪಾಠ ಹೇಳುವಾಗಲೆಲ್ಲ, ಈ ಒಂದು ಮಾತಿನಿಂದ ಚಿತ್ರಕಾರರಿಗೆ ಅನ್ಯಾಯವಾಯಿತಲ್ಲವೆ ಎಂದು ನನಗೆ ಅನ್ನಿಸುವುದುಂಟು. ಚಿತ್ರಕಾರನಿಗಾದರೂ ಕುಂಚವಿದೆ, ಮನಸ್ಸು ಬಂದಂತೆ ಗೆರೆಯನ್ನು ಬಾಗಿಸಬಲ್ಲ. ಛಾಯಾಗ್ರಾಹಕನ ಪಾಡೇನು? ಎದುರಿಗಿದ್ದದ್ದನ್ನು ಇದ್ದ ಹಾಗೆ ಹಿಡಿಯುವ ಪೆಟ್ಟಿಗೆ ಅವನದು. ಧ್ವನಿಗೆ ಎಲ್ಲಿಯಾದರೂ ಎಡೆಯಿಲ್ಲವೆನ್ನುವುದಾದರೆ ಅದು ಇಲ್ಲಿಯೇ ಎಂದು ಮೇಲುನೋಟಕ್ಕೆ ತೋರುತ್ತದೆ.

ಹಾಗೆ ತೋರುವುದನ್ನು ಒರೆಗೆ ಹಚ್ಚುವುದಕ್ಕಾಗಿ ಒಂದೇ ಒಂದು ಛಾಯಾಚಿತ್ರವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಹತ್ತು ಚಿತ್ರಗಳ ಮೇಲೆ ಕೈಯಾಡಿಸುವುದಕ್ಕಿಂತ ಒಂದರ ಮುಂದೆ ಕುಳಿತುಕೊಳ್ಳುವುದು ಮೇಲು. ಚಿತ್ರವನ್ನು ತೆಗೆದವನು ಆಂದ್ರೆ ಕೆರ್ತೇಸ್. 1894ರಲ್ಲಿ ಹಂಗೆರಿಯ ಬುಡಾಪೆಸ್ಟಿನಲ್ಲಿ ಹುಟ್ಟಿ, 1925ರಲ್ಲಿ ಪ್ಯಾರಿಸ್ಸಿಗೆ ಹೋಗಿ, 1936ರಲ್ಲಿ ನ್ಯೂಯಾರ್ಕಿಗೆ ಬಂದು, 1985ರಲ್ಲಿ ಅಲ್ಲಿಯೇ ತೀರಿಕೊಂಡ. ಚಿತ್ರದ ಹೆಸರು ‘ಮಾರ್ಟಿನೀಕ್, 1 ಜನವರಿ 1972’. ಮಾರ್ಟಿನೀಕ್ ಎಂಬುದು ಕೆರಿಬಿಯನ್ ಸಮುದ್ರದಲ್ಲಿ ಫ್ರಾನ್ಸಿಗೆ ಸೇರಿದ ಒಂದು ದ್ವೀಪ.

ಚಿತ್ರದಲ್ಲಿ ಇರುವುದು ಬಹಳ ಸ್ವಲ್ಪ. ಸಮುದ್ರದ ಕಡೆಗೆ ಮುಖ ಮಾಡಿದ ಬಾಲ್ಕನಿ. ಪಕ್ಕದ ಬಾಲ್ಕನಿಗೂ ಇದಕ್ಕೂ ನಡುವೆ ಒಂದು ಗಾಜಿನ ಅಡ್ಡಗೋಡೆ. ತಿಳಿಗಾಜಲ್ಲ, ನಮ್ಮ ಮನೆಗಳಲ್ಲಿ ಬಚ್ಚಲುಮನೆಯ ಕಿಟಕಿಗೆ ಹಾಕಿಸುವಂಥ, ಬೆಳಕನ್ನು ಬಿಟ್ಟು ಆಕಾರವನ್ನು ತಡೆಯುವ ಮಸುಕುಗಾಜು. ಅದರ ಆಚೆಗೆ ಒಬ್ಬ ಮನುಷ್ಯ. ಕಟಾಂಜನಕ್ಕೆ ಒರಗಿ, ತಲೆಯನ್ನು ಕೊಂಚ ಮುಂದಕ್ಕೆ ಬಾಗಿಸಿ, ನೀರಿನ ಕಡೆಗೆ ನೋಡುತ್ತಿದ್ದಾನೆ. ಮುಖವಿಲ್ಲ, ಬಟ್ಟೆಯಿಲ್ಲ, ವಯಸ್ಸಿಲ್ಲ. ಒಂದು ಕಪ್ಪು ನೆರಳು, ಅಂಚುಗಳಲ್ಲಿ ಕರಗಿದ್ದು. ಗಾಜು ಮುಗಿದ ಕಡೆ ಬಯಲು: ಸಮುದ್ರ, ದಿಗಂತದ ಗೆರೆ, ಮೇಲೆ ಮೋಡ. ಇಷ್ಟೇ. ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದಾದ ಈ ವಿಷಯವನ್ನು ನೋಡಿದವರು ಸುಲಭವಾಗಿ ಬಿಟ್ಟು ಹೋಗಲಾರರು.

ನಿಂತವರು ಕೇಳುವ ಮೊದಲ ಪ್ರಶ್ನೆ, ‘ಯಾರವನು?’ ಎಂದು. ಎರಡನೆಯದು, ‘ಏನು ಯೋಚಿಸುತ್ತಿದ್ದಾನೆ?’ ಎಂದು. ಮೂರನೆಯದನ್ನು ಕೇಳುವವರು ವಿಮರ್ಶಕರು ಮಾತ್ರ: ‘ಇದರ ಅರ್ಥವೇನು?’ ಮೊದಲೆರಡು ಪ್ರಶ್ನೆಗಳನ್ನು ಬಾಲಿಶವೆಂದು ತಳ್ಳಿಹಾಕಿ ಮೂರನೆಯದಕ್ಕೆ ಹಾರುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಅದು ಸರಿಯಲ್ಲ. ಚಿತ್ರದ ಬಲವಿರುವುದು ಆ ಬಾಲಿಶ ಪ್ರಶ್ನೆಗಳಲ್ಲಿಯೇ.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಸಂಶಯದ ಉದಾಹರಣೆ ನೆನಪಿರುತ್ತದೆ. ಮಬ್ಬು ಬೆಳಕಿನಲ್ಲಿ ದೂರದಲ್ಲಿ ಏನೋ ನೆಟ್ಟಗೆ ನಿಂತಿದೆ. ಅದು ಸ್ಥಾಣುವೋ ಪುರುಷನೋ, ಎಂದರೆ ಮೋಟು ಮರವೋ ಮನುಷ್ಯನೋ? ಎತ್ತರ ಇಬ್ಬರಿಗೂ ಸಮಾನ. ಕೈಕಾಲು, ಪೊಟರೆ ಮೊದಲಾದ ವಿಶೇಷಗಳು ಕಾಣುತ್ತಿಲ್ಲ. ಆ ವಿಶೇಷವನ್ನು ತಿಳಿಯಬೇಕೆಂಬ ಬಯಕೆ ಮಾತ್ರ ಇದೆ. ಗೌತಮನ ಸೂತ್ರವು ಸಂಶಯದ ಲಕ್ಷಣದಲ್ಲಿ ಈ ಬಯಕೆಯನ್ನೂ ಸೇರಿಸಿರುವುದು ಬಹಳ ಸೂಕ್ಷ್ಮವಾದ ಮಾತು. ಕಾಣದಿರುವುದರಿಂದಲೇ ಸಂಶಯ ಹುಟ್ಟುವುದಿಲ್ಲ. ಕಾಣಬೇಕೆಂದು ಮನಸ್ಸು ಹಾತೊರೆದಾಗ ಹುಟ್ಟುತ್ತದೆ. ದಾರಿಯ ಬದಿಯಲ್ಲಿ ಮಬ್ಬಾಗಿ ಕಾಣುವ ನೂರು ವಸ್ತುಗಳ ಬಗ್ಗೆ ನಮಗೆ ಸಂಶಯವೇ ಇಲ್ಲ, ಏಕೆಂದರೆ ಅವು ನಮಗೆ ಬೇಕಾಗಿಲ್ಲ.

ನೈಯಾಯಿಕನ ಸಂಶಯಕ್ಕೆ ಒಂದು ಪರಿಹಾರವಿದೆ. ನಾಲ್ಕು ಹೆಜ್ಜೆ ಹತ್ತಿರ ಹೋದರೆ ಸಾಕು; ಮೋಟು ಮರವಾದರೆ ಮೋಟು ಮರ, ಮನುಷ್ಯನಾದರೆ ಮನುಷ್ಯ. ಕೆರ್ತೇಸನ ಚಿತ್ರದಲ್ಲಿ ಹತ್ತಿರ ಹೋಗಲು ದಾರಿಯಿಲ್ಲ. ಭೂತಗನ್ನಡಿ ಹಿಡಿದು ನೋಡಿದರೆ ಮನುಷ್ಯ ಇನ್ನೂ ಕರಗುತ್ತಾನೆ. ಆದಕಾರಣ ಇದು ಶಾಸ್ತ್ರದ ಸಂಶಯಕ್ಕಿಂತ ಕಾವ್ಯದ ಸಂದೇಹಕ್ಕೆ ಹತ್ತಿರವಾದದ್ದು. ಆಲಂಕಾರಿಕರು ಸಸಂದೇಹವನ್ನು ಅಲಂಕಾರವೆಂದು ಎಣಿಸಿದರು. ಅದರಲ್ಲಿಯೂ ಶುದ್ಧ, ನಿಶ್ಚಯಗರ್ಭ, ನಿಶ್ಚಯಾಂತ ಎಂದು ಮೂರು ಬಗೆ ಮಾಡಿದರು. ಕೊನೆಗೆ ನಿಶ್ಚಯಕ್ಕೆ ಬಂದು ನಿಲ್ಲುವುದು ಒಂದು. ನಡುನಡುವೆ ನಿಶ್ಚಯದ ಮಿಂಚು ಹೊಳೆದು ಮತ್ತೆ ಸಂದೇಹಕ್ಕೆ ಬೀಳುವುದು ಒಂದು. ಸಂದೇಹದಲ್ಲಿಯೇ ಹುಟ್ಟಿ ಸಂದೇಹದಲ್ಲಿಯೇ ನಿಲ್ಲುವುದು ಮತ್ತೊಂದು. ಮಾರ್ಟಿನೀಕ್ ಚಿತ್ರ ಶುದ್ಧ ಸಂದೇಹದ ಜಾತಿಗೆ ಸೇರಿದ್ದು. ಪರಿಹಾರವಾಗದಿರುವುದೇ ಇದರ ಸೌಂದರ್ಯ. ಅಲಂಕಾರ ಗ್ರಂಥಗಳಲ್ಲಿ ಒಣ ಪಟ್ಟಿಯಾಗಿ ಕಾಣುವ ಈ ವಿಭಾಗಗಳು ಎಲ್ಲಿಯೋ ಅಟ್ಲಾಂಟಿಕ್ಕಿನಾಚೆ ತೆಗೆದ ಚಿತ್ರವೊಂದಕ್ಕೆ ಹೀಗೆ ಒದಗಿ ಬರುವುದು, ಅವುಗಳನ್ನು ಪರೀಕ್ಷೆಗಾಗಿ ಉರು ಹೊಡೆಯುವ ನಮ್ಮ ವಿದ್ಯಾರ್ಥಿಗಳಿಗೆ ತಿಳಿದರೆ ಒಳ್ಳೆಯದು.

ಇಲ್ಲಿ ಒಂದು ಭೇದವನ್ನು ಖಂಡಿತವಾಗಿ ಹೇಳಬೇಕು. ಸಂದಿಗ್ಧವಾದದ್ದು ಬೇರೆ, ಅಸ್ಪಷ್ಟವಾದದ್ದು ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಛಾಯಾಚಿತ್ರವನ್ನು ಕಲೆಯೆಂದು ಒಪ್ಪಿಸಲು ಹೊರಟವರು ಹಿಡಿದ ದಾರಿ ಮಬ್ಬಿನದು. ಕ್ಯಾಮರಾದ ನೋಟವನ್ನು ಬೇಕೆಂದೇ ಮಸುಕುಮಾಡಿ, ಮುದ್ರಣದ ಕಾಗದದ ಮೇಲೆ ಗೋಂದನ್ನೂ ಬಣ್ಣವನ್ನೂ ಪದರಪದರವಾಗಿ ಹಚ್ಚಿ, ವರ್ಣಚಿತ್ರದಂತೆ ಕಾಣುವಂತೆ ಮಾಡುವುದು. ಇದರಲ್ಲಿ ದೊಡ್ಡ ಕೆಲಸಗಳೂ ಆಗಿವೆ. ಎಡ್ವರ್ಡ್ ಸ್ಟೈಕನ್ 1904ರಲ್ಲಿ ತೆಗೆದ ಬೆಳುದಿಂಗಳ ಕೊಳದ ಚಿತ್ರ ಇಂಥದು. ಮರಗಳ ಸಂದಿನಲ್ಲಿ ಚಂದ್ರ, ನೀರಿನಲ್ಲಿ ಅದರ ಬೆಳಕು. ಅದರ ಮೂರು ಮುದ್ರಿತ ಪ್ರತಿಗಳು ತಿಳಿದಿವೆ. ಕೈಯಿಂದ ಮಾಡಿದ್ದರಿಂದ ಒಂದರಂತೆ ಮತ್ತೊಂದಿಲ್ಲ. 2006ರಲ್ಲಿ ಒಂದು ಪ್ರತಿ ನ್ಯೂಯಾರ್ಕಿನ ಹರಾಜಿನಲ್ಲಿ 29 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಬೆಲೆಯಿಂದ ಕಲೆಯನ್ನು ಅಳೆಯಬೇಕಾಗಿಲ್ಲ; ಆ ಚಿತ್ರ ಚೆನ್ನಾಗಿಯೇ ಇದೆ. ಆದರೆ ಅದರ ಮಬ್ಬು ಕಲೆಗಾರನು ಹೊರಗಿನಿಂದ ತಂದು ಹೊದಿಸಿದ್ದು. ಅಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಮರ ಮರವೇ, ನೀರು ನೀರೇ. ಇರುವುದು ಒಂದು ಮನಃಸ್ಥಿತಿ, ಒಂದು ಮೆಲುದನಿ.

ದೊಡ್ಡವರ ಕೈಯಲ್ಲಿ ಇಷ್ಟಾದರೂ ಆದದ್ದು, ಚಿಕ್ಕವರ ಕೈಯಲ್ಲಿ ಬರಿಯ ರೂಢಿಯಾಯಿತು. ನಮ್ಮ ಛಾಯಾಚಿತ್ರ ಪ್ರದರ್ಶನಗಳಿಗೆ ಹೋದವರಿಗೆ ಗೊತ್ತು: ಬೆಳಗಿನ ಮಂಜು, ಹಿಂಬೆಳಕು, ಕುರಿಗಳ ಹಿಂಡು ಎಬ್ಬಿಸಿದ ಧೂಳು, ಅದರ ನಡುವೆ ಕೊಡೆ ಹಿಡಿದ ಒಂದು ಆಕೃತಿ, ಕೆಳಗೆ ‘ಏಕಾಂಗಿ’ ಎಂದೋ ‘ಅನಂತದೆಡೆಗೆ’ ಎಂದೋ ಒಂದು ಚೀಟಿ. ಈಗಂತೂ ಮಂಜಿಗಾಗಿ ಮಾಘಮಾಸದವರೆಗೆ ಕಾಯಬೇಕಾಗಿಲ್ಲ, ಮೊಬೈಲಿನಲ್ಲಿ ಬೇಕಾದಷ್ಟನ್ನು ಬೆರಳಿನಿಂದ ಸವರಿಕೊಳ್ಳಬಹುದು. ಇಂಥ ಚಿತ್ರದಲ್ಲಿ ಏನೋ ಗಹನವಾದದ್ದಿದೆ ಎಂಬ ಭ್ರಮೆ ಹುಟ್ಟುತ್ತದೆ. ಏನಿದೆ ಎಂದು ಹುಡುಕಿದರೆ ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚಿಗೆ ಏನೂ ಸಿಕ್ಕುವುದಿಲ್ಲ. ಮಬ್ಬುಗವಿದ ಪದ್ಯಗಳಿಗೂ ಇದೇ ಮಾತು ಸಲ್ಲುತ್ತದೆಯಾದರೂ ಅದು ಪ್ರಕೃತ ವಿಷಯವಲ್ಲ.

ಕೆರ್ತೇಸನ ಚಿತ್ರದಲ್ಲಿ ಮಬ್ಬನ್ನು ಮಾಡಿದವನು ಕೆರ್ತೇಸನಲ್ಲ, ಗಾಜು. ಅದು ಲೋಕದಲ್ಲಿಯೇ ಇದ್ದ ವಸ್ತು. ಯಾರೋ ಗೃಹಶಿಲ್ಪಿ ನೆರೆಯವರಿಬ್ಬರ ಮರ್ಯಾದೆಗಾಗಿ ನಿಲ್ಲಿಸಿದ್ದು. ಕ್ಯಾಮರಾ ಅದನ್ನು ಪ್ರಾಮಾಣಿಕವಾಗಿ, ತಿಳಿಯಾಗಿ ಹಿಡಿದಿದೆ. ಗಾಜಿನ ಅಂಚು ತಿಳಿ, ಕಟಾಂಜನ ತಿಳಿ, ದಿಗಂತ ತಿಳಿ. ತಿಳಿಯಾದ ಚೌಕಟ್ಟಿನೊಳಗೆ ತಿಳಿಯದ ಒಂದು ವಸ್ತು. ಸಂದಿಗ್ಧತೆ ಎಂದರೆ ಇದು. ಸುತ್ತಲೂ ಎಲ್ಲವೂ ನಿಶ್ಚಯವಾಗಿರುವುದರಿಂದಲೇ ನಡುವಿನ ಅನಿಶ್ಚಯಕ್ಕೆ ಇಷ್ಟು ತೂಕ ಬಂದಿದೆ.

ಗಾಜಿನ ಬಗ್ಗೆ ಇನ್ನೊಂದು ಮಾತು. ಮಸುಕುಗಾಜಿನ ಗುಣವೇನೆಂದರೆ, ತನಗೆ ತಾಗಿದ್ದನ್ನು ಸಾಕಷ್ಟು ಚೆನ್ನಾಗಿ ತೋರಿಸುತ್ತದೆ. ಒಂದೆರಡು ಗೇಣು ಹಿಂದೆ ಸರಿದದ್ದನ್ನು ಕರಗಿಸಿಬಿಡುತ್ತದೆ. ಬಚ್ಚಲುಮನೆಯ ಕಿಟಕಿಗೆ ಬೆರಳನ್ನು ಒತ್ತಿ, ಮೆಲ್ಲಗೆ ಹಿಂದಕ್ಕೆ ತೆಗೆದು ಯಾರು ಬೇಕಾದರೂ ಪರೀಕ್ಷಿಸಬಹುದು. ಈ ಚಿತ್ರದಲ್ಲಿ ಆ ಮನುಷ್ಯನ ತಲೆ, ಹೆಗಲು, ಒರಗಿದ ಭಂಗಿ ಎಲ್ಲವೂ ಗುರುತು ಸಿಕ್ಕುವಷ್ಟು ಉಳಿದಿವೆ. ಅಂದಮೇಲೆ ಅವನು ಗಾಜಿನಿಂದ ದೂರವಿಲ್ಲ. ಗಾಜು ಅಡ್ಡವಿಲ್ಲದಿದ್ದರೆ ಕೆರ್ತೇಸನು ಕೈಚಾಚಿ ಅವನ ಹೆಗಲನ್ನು ಮುಟ್ಟಬಹುದಾಗಿತ್ತೋ ಏನೋ! ಈ ಚಿತ್ರವನ್ನು ಕಂಡವರಿಗೆ ಮೊದಲು ಮನಸ್ಸಿಗೆ ಬರುವ ಮಾತು ‘ಒಂಟಿತನ’. ಆದರೆ ಚಿತ್ರ ಹೇಳುತ್ತಿರುವ ಸಂಗತಿ ಸಾಮೀಪ್ಯ. ಇಬ್ಬರು ಮನುಷ್ಯರು ಮಗ್ಗುಲಲ್ಲಿ ಮಗ್ಗುಲು ನಿಂತು ಒಂದೇ ಸಮುದ್ರವನ್ನು ನೋಡುತ್ತಿದ್ದಾರೆ. ಅವರ ನಡುವೆ ಇರುವುದು ಬೆರಳು ದಪ್ಪದ ಒಂದು ಹಲಗೆ ಗಾಜು. ಆ ಕಡೆಯವನ ಪಾಲಿಗೆ ಈ ಕಡೆಯವನೂ ಒಂದು ನೆರಳೇ.

ಇಲ್ಲಿ ಮಹಿಮಭಟ್ಟನನ್ನು ನೆನೆಯಬೇಕು. ಹನ್ನೊಂದನೆಯ ಶತಮಾನದಲ್ಲಿ ‘ವ್ಯಕ್ತಿವಿವೇಕ’ವನ್ನು ಬರೆದು ಧ್ವನಿವಾದವನ್ನೇ ಕಿತ್ತುಹಾಕಲು ಹೊರಟ ಗಟ್ಟಿಗ ಅವನು. ವ್ಯಂಜನೆ ಎಂಬ ಬೇರೊಂದು ವ್ಯಾಪಾರವೇ ಇಲ್ಲ, ನೀವು ಧ್ವನಿಯೆನ್ನುವುದೆಲ್ಲ ಅನುಮಾನವೇ. ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ ವಾಚ್ಯದಿಂದ ಮತ್ತೊಂದು ಅರ್ಥವನ್ನು ಊಹಿಸುತ್ತೇವೆ, ಅಷ್ಟೇ, ಎಂದು ಅವನ ವಾದ. ನಮ್ಮಲ್ಲಿ ಅವನ ಪಕ್ಷ ನಿಲ್ಲಲಿಲ್ಲ. ಆದರೆ ಮಹಿಮಭಟ್ಟನಿಗೆ ಛಾಯಾಚಿತ್ರವನ್ನು ತೋರಿಸಿದ್ದರೆ ಅವನು ಎದ್ದು ಕುಣಿಯುತ್ತಿದ್ದ! ಏಕೆಂದರೆ ಛಾಯಾಚಿತ್ರ ನಿಜವಾಗಿಯೂ ಹೊಗೆಯ ಜಾತಿಯದು. ಎದುರಿಗಿದ್ದ ವಸ್ತುವಿನ ಮೇಲೆ ಬಿದ್ದ ಬೆಳಕು ಬಂದು ಫಿಲ್ಮಿನ ಮೇಲೆ ಗುರುತು ಮಾಡದೆ ಅದು ಹುಟ್ಟುವುದಿಲ್ಲ. ಹೊಗೆಯಿದ್ದರೆ ಬೆಂಕಿಯಿತ್ತು, ನೆರಳಿದ್ದರೆ ಮನುಷ್ಯನಿದ್ದ. ಫ್ರಾನ್ಸಿನ ರೋಲಾ ಬಾರ್ತ್ 1980ರಲ್ಲಿ ಛಾಯಾಚಿತ್ರವನ್ನು ಕುರಿತು ಬರೆದ ಪುಸ್ತಕದಲ್ಲಿ ಬಹಳ ಮರುಕದಿಂದ ಮಾಡಿರುವ ವಾದದ ತಿರುಳೂ ಇದೇ: ಛಾಯಾಚಿತ್ರದ ಸಾರವೆಂದರೆ ‘ಇದು ಇತ್ತು’ ಎಂಬ ಸಾಕ್ಷ್ಯ.

ಹಾಗಾದರೆ ಮಹಿಮಭಟ್ಟನೇ ಗೆದ್ದನೆ? ಅರ್ಧ ಮಾತ್ರ. ಆ ಮನುಷ್ಯ ಗಾಜಿನ ಹತ್ತಿರವಿದ್ದ ಎಂದು ನಾವು ತಿಳಿದದ್ದು ಅನುಮಾನದಿಂದ. ಅದಕ್ಕೆ ಕಾರಣವುಂಟು, ವ್ಯಾಪ್ತಿಯುಂಟು, ಯಾರು ಪರೀಕ್ಷಿಸಿದರೂ ಅದೇ ಉತ್ತರ ಬರುತ್ತದೆ. ಅವನು ದೂರವಿದ್ದಾನೆ ಎಂಬ ಅನುಭವವಾದರೋ ಅನುಮಾನದಿಂದ ಬಂದದ್ದಲ್ಲ. ಅನುಮಾನ ಅದಕ್ಕೆ ವಿರುದ್ಧವಾಗಿಯೇ ಇದೆ. ಹತ್ತಿರವಿದ್ದಾನೆಂದು ಬುದ್ಧಿ ಹೇಳುತ್ತಿರುವಾಗಲೇ ದೂರವಿದ್ದಾನೆಂದು ಹೃದಯ ಹೇಳುತ್ತದೆ. ಬುದ್ಧಿಯ ಮಾತು ಖಚಿತವಾದಷ್ಟೂ ಹೃದಯದ ಮಾತು ತೀವ್ರವಾಗುತ್ತದೆ. ಅನುಮಾನವು ಎಲ್ಲಿ ಸುಳ್ಳಾಗದೆಯೂ ಸಾಲದಾಗುತ್ತದೆಯೋ ಅಲ್ಲಿ ವ್ಯಂಜನೆಗೆ ಕೆಲಸ. ಆನಂದವರ್ಧನನು ಧ್ವನಿಗೆ ವಾಚ್ಯವು ಬೇಕೇಬೇಕು, ಬೆಳಕು ಬೇಕಾದವನಿಗೆ ದೀಪ ಬೇಕಾದಂತೆ, ಎಂದದ್ದನ್ನು ಇಲ್ಲಿ ಸೇರಿಸಿಕೊಳ್ಳಬೇಕು. ಗಾಜು, ಕಟಾಂಜನ, ಸಮುದ್ರ ಎಂಬ ವಾಚ್ಯವನ್ನು ಕಡೆಗಣಿಸಿ ನೇರವಾಗಿ ‘ಅರ್ಥ’ಕ್ಕೆ ಹೋದವರಿಗೆ ಒಂಟಿತನವೆಂಬ ಸವೆದ ನಾಣ್ಯ ಸಿಕ್ಕುತ್ತದೆ, ವಾಚ್ಯದಲ್ಲಿ ನಿಂತವರಿಗೆ ನೆರೆಯವನು ಸಿಕ್ಕುತ್ತಾನೆ.

ಈ ಚಿತ್ರವನ್ನು ಕುರಿತು ಸಾಮಾನ್ಯವಾಗಿ ಕೇಳಿಬರುವ ವ್ಯಾಖ್ಯಾನ ಕವಿಚರಿತೆಯ ದಾರಿಯದು. ಕೆರ್ತೇಸನು ದೇಶ ಬಿಟ್ಟವನು. ನ್ಯೂಯಾರ್ಕಿಗೆ ಒಂದು ಚಿತ್ರಸಂಸ್ಥೆಯ ಕರಾರಿನ ಮೇಲೆ ಸ್ವಲ್ಪ ಕಾಲಕ್ಕೆಂದು ಬಂದವನು ಯುದ್ಧದ ದೆಸೆಯಿಂದ ಅಲ್ಲಿಯೇ ಉಳಿಯಬೇಕಾಯಿತು. ಇಂಗ್ಲಿಷು ಅವನಿಗೆ ಒಗ್ಗಲಿಲ್ಲ. ‘ಲೈಫ್’ ಪತ್ರಿಕೆಯವರು ಅವನ ಚಿತ್ರಗಳು ಅತಿಯಾಗಿ ಮಾತನಾಡುತ್ತವೆಂದು ಹಿಂದಿರುಗಿಸಿದರಂತೆ. ವರುಷಾನುಗಟ್ಟಲೆ ‘ಹೌಸ್ ಅಂಡ್ ಗಾರ್ಡನ್’ ಪತ್ರಿಕೆಗಾಗಿ ಶ್ರೀಮಂತರ ಮನೆಗಳನ್ನೂ ತೋಟಗಳನ್ನೂ ತೆಗೆದು ಜೀವನ ಸಾಗಿಸಿದ. ಆದ್ದರಿಂದ ಗಾಜಿನಾಚೆಯವನು ಕೆರ್ತೇಸನೇ, ಸಮುದ್ರ ಅವನು ದಾಟಿ ಬಂದದ್ದೇ, ಎಂದು ಅವರ ತರ್ಕ. ಕೇಳಲು ಚೆನ್ನಾಗಿದೆ. 1937ರಲ್ಲಿ ಅವನು ತೆಗೆದ ‘ದಾರಿತಪ್ಪಿದ ಮೋಡ’ಕ್ಕೆ, ಗಗನಚುಂಬಿ ಕಟ್ಟಡದ ಪಕ್ಕದಲ್ಲಿ ಎತ್ತ ಹೋಗಬೇಕೆಂದು ತಿಳಿಯದೆ ನಿಂತಿರುವ ಆ ಒಂದು ತುಣುಕು ಮೋಡಕ್ಕೆ, ಈ ವ್ಯಾಖ್ಯಾನವನ್ನು ನಾನು ಒಪ್ಪಿಯೇನು. 1972ಕ್ಕೆ ಒಪ್ಪಲಾರೆ. 1964ರಲ್ಲಿಯೇ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಅವನೊಬ್ಬನದೇ ಪ್ರದರ್ಶನವನ್ನು ನಡೆಸಿತ್ತು. ಅಷ್ಟರಲ್ಲಿ ಪತ್ರಿಕೆಯ ಕೆಲಸವನ್ನೂ ಬಿಟ್ಟಿದ್ದ. ಹೆಂಡತಿ ಎಲಿಜಬೆತ್ ಬದುಕಿದ್ದಳು, ಅವಳು ತೀರಿಕೊಂಡದ್ದು 1977ರಲ್ಲಿ. ಅವಳ ಮರಣಾನಂತರ ಕಿಟಕಿಯ ಬಳಿ ಒಂದು ಸಣ್ಣ ಗಾಜಿನ ಪ್ರತಿಮೆಯನ್ನಿಟ್ಟು ಪೋಲರಾಯ್ಡ್ ಕ್ಯಾಮರಾದಲ್ಲಿ ತೆಗೆದ, 1981ರಲ್ಲಿ ಪುಸ್ತಕವಾಗಿ ಬಂದ ಚಿತ್ರಗಳಲ್ಲಿ ಶೋಕವಿದೆ. ಆ ಶೋಕವನ್ನು ಐದು ವರ್ಷ ಹಿಂದಕ್ಕೆ ಎಳೆದು ಮಾರ್ಟಿನೀಕಿನ ಮೇಲೆ ಹೇರುವುದು ನ್ಯಾಯವಲ್ಲ.

ಕವಿಯ ಜೀವನಕ್ಕಿಂತ ಕವಿಯ ಕೃತಿಗಳು ಒಳ್ಳೆಯ ಸಾಕ್ಷಿ. 1917ರಲ್ಲಿ, ಹಂಗೆರಿಯ ಎಸ್ತರ್‌ಗೋಮ್ ಎಂಬ ಊರಿನಲ್ಲಿ, ಇಪ್ಪತ್ತಮೂರರ ಹುಡುಗ ಕೆರ್ತೇಸ್ ನೀರಿನೊಳಗೆ ಈಜುವ ಒಬ್ಬನ ಚಿತ್ರವನ್ನು ತೆಗೆದ. ಅಲೆಯಾಡುವ ನೀರು ಆ ಮೈಯನ್ನು ಬಾಗಿಸಿ, ಹಿಗ್ಗಿಸಿ, ಬೆಳಕಿನ ಬಲೆಯಲ್ಲಿ ಸುತ್ತಿದೆ. 1933ರಲ್ಲಿ ಪ್ಯಾರಿಸ್ಸಿನಲ್ಲಿ ವಕ್ರಗನ್ನಡಿಗಳಲ್ಲಿ ಮೂಡಿದ ನಗ್ನ ದೇಹಗಳ ದೊಡ್ಡ ಮಾಲೆಯನ್ನೇ ತೆಗೆದ. 1972ರಲ್ಲಿ ಈ ಮಸುಕುಗಾಜು. ನೀರು, ಕನ್ನಡಿ, ಗಾಜು: ಐವತ್ತೈದು ವರ್ಷಗಳ ಕಾಲ ಈ ಮನುಷ್ಯ ಒಂದೇ ವಸ್ತುವಿನ ಬೆನ್ನು ಹತ್ತಿದ್ದಾನೆ. ನೋಡುವವನಿಗೂ ನೋಡಲ್ಪಡುವವನಿಗೂ ನಡುವೆ ಏನೋ ಒಂದು ಇದೆ. ಅದು ಮನುಷ್ಯನನ್ನು ಏನು ಮಾಡುತ್ತದೆ ಎಂಬುದು ಅವನ ಹುಡುಕಾಟ. ಹಳೆಯ ದೊಡ್ಡ ಕ್ಯಾಮರಾಗಳನ್ನು ಕಂಡವರಿಗೆ ಇನ್ನೊಂದು ಸಂಗತಿ ಹೊಳೆಯಬಹುದು. ಸ್ಟುಡಿಯೋದವರು ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ನೋಡುತ್ತಿದ್ದದ್ದು ಇಂಥದೇ ಒಂದು ಮಸುಕುಗಾಜನ್ನು. ಬಿಂಬ ಬಂದು ಬೀಳುತ್ತಿದ್ದದ್ದು ಅದರ ಮೇಲೆ. ಗಾಜಿನ ಫಲಕಗಳ ಕ್ಯಾಮರಾದಿಂದ ಕೆಲಸ ಕಲಿತ ಕೆರ್ತೇಸನಿಗೆ ಆ ಬಾಲ್ಕನಿಯ ಗಾಜು ಏನನ್ನು ನೆನಪಿಗೆ ತಂದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಚಿತ್ರದ ಒಂದು ಭಾಗದಲ್ಲಿ ಸಮುದ್ರವಿದೆ. ಇನ್ನೊಂದು ಭಾಗದಲ್ಲಿ ಮನುಷ್ಯನಿಲ್ಲ, ಮನುಷ್ಯನ ಬಿಂಬವಿದೆ.

ಚಿತ್ರದ ಹೆಸರನ್ನೂ ಗಮನಿಸಬೇಕು. ಊರು, ತಾರೀಖು, ಇಷ್ಟೇ. ಆಂರಿ ಕಾರ್ತಿಯೆ-ಬ್ರೆಸೋನ್ 1948ರಲ್ಲಿ ಶ್ರೀನಗರದ ಹರಿಪರ್ಬತದ ಇಳಿಜಾರಿನಲ್ಲಿ ತೆಗೆದ ಪ್ರಸಿದ್ಧ ಚಿತ್ರವನ್ನು ಇದರ ಪಕ್ಕದಲ್ಲಿಡಿ. ಹೆಂಗಸರು ನಮಗೆ ಬೆನ್ನು ಮಾಡಿ ನಿಂತಿದ್ದಾರೆ. ಒಬ್ಬಳು ಕೈಗಳನ್ನು ಮುಂದಕ್ಕೆ ಚಾಚಿ ಅಂಗೈಗಳನ್ನು ಮೇಲಕ್ಕೆ ಮಾಡಿದ್ದಾಳೆ. ಎದುರಿಗೆ ಕಣಿವೆ, ಬೆಟ್ಟ, ಮೋಡ. ಅಂಗೈಯಲ್ಲಿ ಮೋಡವನ್ನೇ ಎತ್ತಿ ಹಿಡಿದಂತೆ ಕಾಣುತ್ತದೆ. ಅದು ಇಪ್ಪತ್ತನೆಯ ಶತಮಾನದ ಶ್ರೇಷ್ಠ ಚಿತ್ರಗಳಲ್ಲಿ ಒಂದು, ಸಂದೇಹವಿಲ್ಲ. ಆದರೆ ಅದರ ಕೆಳಗೆ, ಅವರು ಮುಸಲ್ಮಾನ ಹೆಂಗಸರು, ಹಿಮಾಲಯದ ಹಿಂದೆ ಹುಟ್ಟುತ್ತಿರುವ ಸೂರ್ಯನೆಡೆಗೆ ಪ್ರಾರ್ಥಿಸುತ್ತಿದ್ದಾರೆ, ಎಂದು ವಿವರ ಅಚ್ಚಾಗಿರುತ್ತದೆ. ಆ ವಿವರ ಬಾಗಿಲನ್ನು ಮುಚ್ಚಿಬಿಡುತ್ತದೆ. ಕೆರ್ತೇಸನ ಹೆಸರು ಬಾಗಿಲನ್ನು ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಜನವರಿ ಒಂದು ಎಂಬ ತಾರೀಖು ಮಾತ್ರ ಸಣ್ಣಗೆ ಚುಚ್ಚುತ್ತದೆ. ಅವರ ಲೆಕ್ಕದಲ್ಲಿ ಅದು ವರ್ಷದ ಮೊದಲ ದಿನ. ಹಳೆಯದಕ್ಕೂ ಹೊಸದಕ್ಕೂ ನಡುವೆ ಗೆರೆಯೊಂದಿದೆಯೆಂದು ಎಲ್ಲರೂ ನಂಬುವ ದಿನ. ಚಿತ್ರದಲ್ಲಿಯೂ ಗೆರೆಗಳಿವೆ, ದಿಗಂತದ್ದೂ ಗಾಜಿನ ಅಂಚಿನದೂ. ಇದನ್ನು ಇದಕ್ಕಿಂತ ಮುಂದಕ್ಕೆ ಎಳೆಯಬಾರದು.

ಎಳೆಯಬಾರದೆಂದೊಡನೆ ಇನ್ನೊಂದು ಪಕ್ಷದವರು ಎದ್ದು ನಿಲ್ಲುತ್ತಾರೆ. ‘ಸಂದಿಗ್ಧವೆಂದು ನೀವೇ ಹೇಳುತ್ತೀರಿ, ಅಂದಮೇಲೆ ನೋಡಿದವರು ಕಂಡದ್ದೆಲ್ಲ ಸರಿ. ಒಬ್ಬನಿಗೆ ಪ್ರೇತ, ಒಬ್ಬನಿಗೆ ವಿರಹಿ, ಒಬ್ಬನಿಗೆ ಮೋಕ್ಷಾಪೇಕ್ಷಿ, ನಿಮ್ಮದೇನು ತಕರಾರು?’ ತಕರಾರಿದೆ. ಶಬ್ದಕ್ಕೆ ಹಲವು ಅರ್ಥವಿದ್ದ ಮಾತ್ರಕ್ಕೆ ಬೇಕಾದ ಅರ್ಥವನ್ನೆಲ್ಲ ಹಚ್ಚಲು ಆಗುತ್ತದೆಯೆ? ಸಂಯೋಗ, ವಿಯೋಗ, ಪ್ರಕರಣ ಮೊದಲಾದ ನಿಯಾಮಕಗಳನ್ನು ಭರ್ತೃಹರಿಯ ಕಾಲದಿಂದ ಹೇಳುತ್ತ ಬಂದಿದ್ದಾರೆ. ಚಿತ್ರಕ್ಕೂ ಅವು ಇವೆ. ಗಾಜಿನಾಚೆಯವನು ಪ್ರೇತವೆಂದೂ, ಸಮುದ್ರವು ಪರಲೋಕವೆಂದೂ ಹೇಳುವವರನ್ನು ಕಟಾಂಜನ ತಡೆಯುತ್ತದೆ. ಅವನು ಅದರ ಮೇಲೆ ಮೈಭಾರವನ್ನು ಬಿಟ್ಟಿದ್ದಾನೆ. ಪ್ರೇತಕ್ಕೆ ಒರಗಿಕೊಳ್ಳುವ ಆವಶ್ಯಕತೆಯಿಲ್ಲ. ಬೇಸರವಾಗಿಯೋ, ಆಯಾಸವಾಗಿಯೋ, ಬಿಡುವಾಗಿಯೋ ಒರಗುವುದು ಮೈಯುಳ್ಳವರ ಲಕ್ಷಣ. ಯಾವ ವ್ಯಾಖ್ಯಾನವೇ ಆಗಲಿ, ಆ ಒರಗುವಿಕೆಗೆ ಉತ್ತರ ಹೇಳದೆ ಮುಂದಕ್ಕೆ ಹೋಗುವಂತಿಲ್ಲ.

ವಸ್ತುವಿನ ಹಂಗನ್ನೇ ಹರಿದುಕೊಳ್ಳಬೇಕೆಂದು ಪ್ರಯತ್ನಪಟ್ಟವರೂ ಇದ್ದಾರೆ. ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ 1922ರಿಂದ ಮೊದಲುಗೊಂಡು ಹತ್ತು ವರ್ಷಕ್ಕೂ ಮಿಕ್ಕಿ ಬರಿಯ ಮೋಡಗಳನ್ನು ತೆಗೆದ. ಅವನ ಚಿತ್ರಗಳ ಶಕ್ತಿ ಎದುರಿಗೆ ಕುಳಿತ ಜನರ ಮೇಲೆ ಅವನು ಬೀರುತ್ತಿದ್ದ ಪ್ರಭಾವದಿಂದ ಬಂದದ್ದೆಂದು ಯಾರೋ ಬರೆದದ್ದು ಅವನನ್ನು ಕೆಣಕಿತ್ತು. ಯಾರ ಹಂಗೂ ಇಲ್ಲದ, ಎಲ್ಲರಿಗೂ ಬಿಟ್ಟಿಯಾಗಿ ಸಿಕ್ಕುವ ಮೋಡದಿಂದ ತನ್ನ ಮನಸ್ಸನ್ನು ಹೇಳಿ ತೋರಿಸುತ್ತೇನೆಂದು ಹೊರಟ. ಮೊದಲಿಗೆ ಸಂಗೀತದ ಹೆಸರಿಟ್ಟು, ಆಮೇಲೆ ‘ಸಮಾನಗಳು’ ಎಂಬ ಅರ್ಥದ ಹೆಸರಿಟ್ಟ. ಅದು ಧೀರವಾದ ಪ್ರಯೋಗ. ಆದರೂ ನನ್ನ ಮಟ್ಟಿಗೆ ಆ ಮೋಡಗಳಲ್ಲಿ ಹಲವು ಬರಿಯ ಮೋಡಗಳಾಗಿಯೇ ಉಳಿದಿವೆ. ಆಲಂಬನವಿಲ್ಲದೆ ಉದ್ದೀಪನವೊಂದರಿಂದಲೇ ರಸ ಹುಟ್ಟಬೇಕೆಂದರೆ ಕಷ್ಟ. ಕೆರ್ತೇಸನಲ್ಲಿ ಸಮುದ್ರ ಮೋಡಗಳೆಂಬ ಉದ್ದೀಪನವೂ ಇದೆ, ಗಾಜಿನಾಚೆ ಆಲಂಬನವೂ ಇದೆ. ಮುಖವನ್ನು ಮಾತ್ರ ಕೊಟ್ಟಿಲ್ಲ.

‘ಇದೆಲ್ಲ ಕ್ಷಣಾರ್ಧದಲ್ಲಿ ಗುಂಡಿ ಒತ್ತಿದವನ ತಲೆಯಲ್ಲಿ ಇತ್ತೆ? ಅದೃಷ್ಟವಲ್ಲವೆ?’ ಎಂದು ಕೇಳುವವರುಂಟು. ಅದೃಷ್ಟದ ಪಾಲು ಇದ್ದೇ ಇದೆ. ಆದರೆ ಕೆರ್ತೇಸನು 1928ರಲ್ಲಿ ಪ್ಯಾರಿಸ್ಸಿನ ಹೊರವಲಯದ ಮ್ಯೂದೋನ್ ಎಂಬಲ್ಲಿ ತೆಗೆದ ಚಿತ್ರವನ್ನು ನೋಡಬೇಕು. ಎತ್ತರದ ಸೇತುವೆಯ ಮೇಲೆ ರೈಲು ಹೋಗುತ್ತಿದೆ. ಕೆಳಗೆ ಬೀದಿಯಲ್ಲಿ ಹ್ಯಾಟು ಹಾಕಿದವನೊಬ್ಬ ಕಾಗದದಲ್ಲಿ ಸುತ್ತಿದ ಏನನ್ನೋ ಹಿಡಿದು ನಮ್ಮ ಕಡೆಗೆ ಬರುತ್ತಿದ್ದಾನೆ. ಅದೇ ಬೀದಿಯ ಬೇರೆ ನೆಗೆಟಿವುಗಳೂ ಉಳಿದಿವೆ. ಬೀದಿ ಅವನಿಗೆ ಮೊದಲೇ ಗೊತ್ತಿತ್ತು. ಅದರೊಳಗೆ ಏನೋ ಬಂದು ಸೇರುವುದಕ್ಕೆ ಕಾದ. ಕಾಯುವುದು ಗೊತ್ತಿದ್ದವನಿಗೆ ಬಂದದ್ದನ್ನು ಅದೃಷ್ಟವೆನ್ನುವುದಾದರೆ, ಪ್ರಾಸಕ್ಕೆ ಒದಗಿದ ಒಳ್ಳೆಯ ಪದವನ್ನೂ ಹಾಗೆಯೇ ಅನ್ನಬೇಕಾಗುತ್ತದೆ.

ಈ ಚಿತ್ರದ ರಸ ಯಾವುದು? ಕರುಣವೆನ್ನಲು ಇಷ್ಟನಾಶವಾದ ಗುರುತು ಎಲ್ಲಿಯೂ ಇಲ್ಲ. ಶಾಂತವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಈಚೆಗೆ ಖಾಲಿಯಾಗಿ ಕಂಡದ್ದಕ್ಕೆಲ್ಲ ಶಾಂತವೆಂದು ಹೆಸರಿಡುವ ಚಾಳಿ ಬಂದಿದೆ. ನನಗೆ ತೋರುವಂತೆ ಇಲ್ಲಿ ಯಾವ ಸ್ಥಾಯಿಯೂ ರಸವಾಗಿ ಬೆಳೆದಿಲ್ಲ. ವ್ಯಭಿಚಾರಿಭಾವವೇ ಪ್ರಧಾನವಾಗಿ ಧ್ವನಿತವಾದಾಗ ಅದನ್ನು ಭಾವಧ್ವನಿಯೆಂದು ಕರೆಯುತ್ತಾರಲ್ಲವೆ, ಇದು ಅಂಥದು. ಅದರಲ್ಲಿಯೂ ಎರಡು ಭಾವಗಳು ಸೇರುವ ಭಾವಸಂಧಿ. ಆ ಕಡೆಯವನದು ಚಿಂತೆ: ಬಾಗಿದ ತಲೆ, ಕದಲದ ಮೈ, ದೂರಕ್ಕೆ ನೆಟ್ಟ ನೋಟ. ಈ ಕಡೆಯವನದು ಔತ್ಸುಕ್ಯ: ತಿಳಿಯಬೇಕೆಂಬ ಆ ಹಾತೊರೆತ, ನೈಯಾಯಿಕನು ಸಂಶಯದ ಬೇರಿನಲ್ಲಿ ಕಂಡದ್ದು. ಗಾಜು ಆ ಎರಡರ ಸಂಧಿ. ಚಿಂತೆ ಕಾಣುತ್ತದೆ, ಚಿಂತೆಯ ವಿಷಯ ಕಾಣುವುದಿಲ್ಲ. ಔತ್ಸುಕ್ಯವುಳ್ಳವನು ಕಾಣುವುದೇ ಇಲ್ಲ, ಏಕೆಂದರೆ ಅವನು ಕ್ಯಾಮರಾದ ಹಿಂದೆ ಇದ್ದಾನೆ. ಈಗ ಅವನ ಜಾಗದಲ್ಲಿ ನಾವು ನಿಂತಿದ್ದೇವೆ. ಪರದೆಯಿಲ್ಲದೆ ಇದ್ದಿದ್ದರೆ ಅವನು ಸಮುದ್ರ ನೋಡುವ ಯಾರೋ ಒಬ್ಬ ಪ್ರವಾಸಿ. ನಮಗೆ ಅವನ ಗೊಡವೆ ಇರುತ್ತಿರಲಿಲ್ಲ.

ಶ್ರೀಶಂಕುಕನು ನಾಟ್ಯದ ರಾಮನನ್ನು ಚಿತ್ರದಲ್ಲಿ ಬರೆದ ಕುದುರೆಗೆ ಹೋಲಿಸಿದ್ದನ್ನು ಅಭಿನವಗುಪ್ತನು ಹೇಳುತ್ತಾನೆ. ಚಿತ್ರದ ಕುದುರೆಯನ್ನು ಕಂಡಾಗ ಆಗುವ ಜ್ಞಾನ ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ, ಇವೆಲ್ಲಕ್ಕಿಂತ ಬೇರೆಯಾದದ್ದು. ಬರೆದ ಕುದುರೆಗೆ ಈ ಮಾತು ಒಪ್ಪುತ್ತದೆ. ಕೆರ್ತೇಸನ ಮನುಷ್ಯನಿಗೆ ಪೂರ್ತಿ ಒಪ್ಪುವುದಿಲ್ಲ. ಯಾರೋ ಒಬ್ಬ, ಹೆಸರುಳ್ಳವನು, ಊಟದ ಹೊತ್ತಿಗೆ ಒಳಗೆ ಹೋದವನು, 1972ರ ಮೊದಲ ದಿನ ಅಲ್ಲಿ ನಿಜವಾಗಿ ನಿಂತಿದ್ದ. ಅವನನ್ನು ನಾವು ಏನು ಬೇಕಾದರೂ ಆಗಿ ಕಲ್ಪಿಸಿಕೊಳ್ಳುವುದಕ್ಕೆ ಅಡ್ಡಬರುವುದು ಕೊನೆಗೆ ಇದೇ.

ಈ ಮಾತಿಗೆ ಇಂದು ಮೊದಲಿಗಿಂತ ಹೆಚ್ಚು ಬೆಲೆ ಬಂದಿದೆ. ಮಸುಕುಗಾಜು, ಆಚೆ ಒಬ್ಬ ಮನುಷ್ಯ, ಸಮುದ್ರ, ಎಂದು ನಾಲ್ಕು ಮಾತು ಬರೆದುಕೊಟ್ಟರೆ ಇಂಥ ಚಿತ್ರವನ್ನು ಕಂಪ್ಯೂಟರು ಅರೆನಿಮಿಷದಲ್ಲಿ ಮಾಡಿಕೊಡುತ್ತದೆ. ಮಬ್ಬು ಇನ್ನೂ ಹದವಾಗಿಯೇ ಇದ್ದೀತು. ಅಲ್ಲಿ ಹೊಗೆ ಇದೆ, ಬೆಂಕಿಯಿಲ್ಲ. ಅದು ಶಂಕುಕನ ಕುದುರೆ. ಅದರದೇ ಆದ ಚಂದ ಅದಕ್ಕೆ ಇರಬಹುದು. ಆದರೆ ಅದರ ಮುಂದೆ ನಿಂತು ‘ಯಾರವನು?’ ಎಂದು ಕೇಳುವಂತಿಲ್ಲ, ಕೇಳಿದರೆ ಆ ಪ್ರಶ್ನೆಗೆ ಉತ್ತರ ಎಂದೂ ಇರಲಿಲ್ಲ. ಮಾರ್ಟಿನೀಕಿನ ಮನುಷ್ಯನ ವಿಷಯದಲ್ಲಿ ಉತ್ತರವಿತ್ತು. ಅವನ ಹೆಂಡತಿಗೋ ಸ್ನೇಹಿತನಿಗೋ ಒಳಗಿನಿಂದ ಕೂಗಿದ್ದರೆ ಓಗೊಡುವ ಹೆಸರು ಅದು. ಕೆರ್ತೇಸನು ಗಾಜಿನ ಮೇಲೆ ಬೆರಳಿನಿಂದ ತಟ್ಟಿ ಕೇಳಬಹುದಾಗಿತ್ತು. ತಟ್ಟಲಿಲ್ಲ, ಚಿತ್ರ ತೆಗೆದ.